ಕಂಬ ಮೂಸುತ್ತಿದ್ದ ಚೇರ್ಮನ್ನರು

ದೂಮಣ್ಣ ರೈಗಳು ಕಂಬ ಮೂಸುತ್ತಿದ್ದರು. ಯಾರದಾದರೂ ಮನೆಯ ಜಗಲಿ ಹತ್ತಿದರೆ ಚಪ್ಪಲಿ ಕಳಚಿ, ಕನ್ನಡಕ ತೆಗೆದು ಜೇಬಿಗೆ ಹಾಕಿ, ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೂಗನ್ನು ಮರಕ್ಕೆ ತಾಗಿಸಿ ಉಸಿರೆಳೆದುಕೊಳ್ಳುತ್ತಿದ್ದರು. ಮನೆಯ ಯಜಮಾನ ಕೈಕಟ್ಟಿಕೊಂಡು ಕಾಯುತ್ತಿದ್ದ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಒಳಗೆ ಹೋಗಿ ನಕ್ಕು ಬರುತ್ತಿದ್ದರು. ರೈಗಳು ಎದ್ದು, ಕನ್ನಡಕ ಹಾಕಿಕೊಂಡು, ಪಂಚಾಯತ್ ಗುಮಾಸ್ತ ಐತಪ್ಪನ ಕಡೆ ತಿರುಗಿ "ಹಳತು" ಎಂದೋ "ಹೊಸತು" ಎಂದೋ ಹೇಳುತ್ತಿದ್ದರು. ನಮ್ಮ ಪೇಟೆಯಲ್ಲಿ ಮನೆಗಳ ವಯಸ್ಸು ತೀರ್ಮಾನವಾಗುತ್ತಿದ್ದದ್ದು ಹೀಗೆ.

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಬಸ್ಸು ಚಾ ಕುಡಿಯಲು ನಿಲ್ಲುವಷ್ಟು ದೊಡ್ಡ ಪೇಟೆ ನಮ್ಮದು. ಬಸ್ಸಿನಿಂದ ಇಳಿದವರು ಉಳಿದುಕೊಳ್ಳುವಷ್ಟು ದೊಡ್ಡದಲ್ಲ. ರಸ್ತೆಯ ಎರಡು ಬದಿಗೂ ಹಂಚಿನ ಮಾಡಿನ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿದ್ದವು. ಮುಂದೆ ಜಗಲಿ, ಜಗಲಿಗೆ ಹಲಸಿನ ಮರದ ಕಂಬಗಳು, ಒಂದು ಬದಿಯಲ್ಲಿ ಅಂಗಡಿ, ಒಳಗೆ ಸಂಸಾರ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಪುತ್ತೂರಿಗೆ ಹೋಗಿ ಬಂದವರೆಲ್ಲ ತಾರಸಿ ಕಟ್ಟಡಗಳ ಸುದ್ದಿ ತರತೊಡಗಿದರು. ತಾರಸಿ ಎಂದರೆ ಮರ್ಯಾದೆ ಎಂದಾಯಿತು. ಒಬ್ಬೊಬ್ಬರಾಗಿ ಹಂಚು ಇಳಿಸತೊಡಗಿದರು.

ಆಗ ಪಂಚಾಯತಿನ ಚೇರ್ಮನ್ ಆಗಿದ್ದವರು ದೂಮಣ್ಣ ರೈಗಳು. ಎತ್ತರದ ಆಳು, ಬಿಳಿ ಪಂಚೆ, ಅರ್ಧ ತೋಳಿನ ಅಂಗಿ. ತಲೆಗೆ ತೆಂಗಿನೆಣ್ಣೆ ಧಾರಾಳ. ಅದು ಕಿವಿಯ ಹಿಂದಿನಿಂದ ಇಳಿದು ಅಂಗಿಯ ಕಾಲರಿಗೆ ಬಂದು ನಿಲ್ಲುತ್ತಿತ್ತು. ನಾನು ಹೊಲಿಗೆಯವಳು, ನನಗೆ ಮನುಷ್ಯರಲ್ಲಿ ಮೊದಲು ಕಾಣುವುದು ಕಾಲರೇ. ಅವರ ಅಂಗಿಗಳನ್ನು ಹೊಲಿದುಕೊಡುತ್ತಿದ್ದವಳೂ ನಾನೇ ಆದ್ದರಿಂದ ಆ ಎಣ್ಣೆಯ ಬಗ್ಗೆ ನನಗೊಂದು ವೃತ್ತಿಪರ ದೂರು ಇತ್ತು. ಹೇಳಿದರೆ, "ತಲೆ ತಂಪಿರ್ಬೇಕು ಟೀಚ್ರೇ, ಅಂಗಿ ಎಂತ, ತೊಳಿಬಹುದು" ಎನ್ನುತ್ತಿದ್ದರು. ಜಗಲಿಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದ ನನ್ನನ್ನು ಇಡೀ ಪೇಟೆ ಟೀಚರ್ ಎಂದೇ ಕರೆಯುತ್ತಿತ್ತು.

ಹಂಚು ಇಳಿಸಬೇಡಿ ಎಂದು ರೈಗಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಜನ ಹಟಕ್ಕೆ ಬಿದ್ದು ಇಳಿಸುತ್ತಿದ್ದರು. ಅವರು ಪಂಚಾಯತ್ ಸಭೆಯಲ್ಲಿ ಒಂದು ರಿಯಾಯಿತಿ ತಂದರು. ಹೊಸ ಕಟ್ಟಡ ಕಟ್ಟುವವರು ನಿಯಮದ ಪ್ರಕಾರ ರಸ್ತೆಯಿಂದ ಹಿಂದೆ ಸರಿಯಬೇಕಿತ್ತು, ಎರಡು ಬದಿಗೂ ಓಣಿ ಬಿಡಬೇಕಿತ್ತು. ನಮ್ಮ ಪೇಟೆಯ ಜಾಗಗಳಿಗೆ ಉದ್ದ ಉಂಟು, ಅಗಲ ಇಲ್ಲ. ಎರಡು ಓಣಿ ಬಿಟ್ಟ ಮೇಲೆ ಉಳಿಯುವುದು ಮೂರನೆಯ ಓಣಿ. ಆದರೆ ಹಳೆ ಮನೆಯ ಜಗಲಿ, ಕಂಬ, ಮುಂದಿನ ಮಾಡು ಇಷ್ಟನ್ನು ಇದ್ದ ಹಾಗೆ ಉಳಿಸಿಕೊಂಡವರು ಒಂದಿಂಚೂ ಬಿಡಬೇಕಾಗಿಲ್ಲ. ಹಿಂದುಗಡೆ ಗಡಿಯವರೆಗೆ ಕಟ್ಟಬಹುದು, ಮಾಳಿಗೆ ಏರಿಸಬಹುದು, ಹಳೆ ಭಾಗದ ತೆರಿಗೆಯೂ ಏರುವುದಿಲ್ಲ.

"ಮನೆಯ ಮೋರೆ ಹಾಗೇ ಇರ್ಲಿ, ಬೆನ್ನು ಎಷ್ಟು ಬೇಕಾದ್ರೂ ಬೆಳೀಲಿ" ಎಂದು ರೈಗಳು ಸಭೆಯಲ್ಲಿ ವಿವರಿಸಿದರಂತೆ. ಮೇಲಿನಿಂದ ಬಂದ ಅಧಿಕಾರಿಯೊಬ್ಬರು ಇದು ಯಾವ ಕಾನೂನಿನಲ್ಲಿದೆ ಎಂದು ಕೇಳಿದರು. "ಬೇಡ ಅಂತ ಯಾವ ಕಾನೂನಲ್ಲಿ ಉಂಟು ಸಾರ್?" ಎಂದು ರೈಗಳು ವಿನಯದಿಂದ ಕೇಳಿದರು. ಅಧಿಕಾರಿ ನೋಡಿ ಹೇಳುತ್ತೇನೆಂದು ಹೋದರು. ನೋಡುತ್ತಿದ್ದಿರಬೇಕು, ಬಹಳ ಕಾಲ ಹೇಳಿ ಕಳಿಸಲಿಲ್ಲ.

ತೊಂದರೆ ಬಂದದ್ದು ಹಳೆ ಮನೆ ಎಂದರೆ ಯಾವುದು ಎಂಬಲ್ಲಿ. ಯಾರ ಹತ್ತಿರವೂ ಸರಿಯಾದ ಕಾಗದವಿಲ್ಲ. ಕೇಳಿದರೆ ಎಲ್ಲರ ಮನೆಯೂ ಅಜ್ಜನ ಕಾಲದ್ದು. ಅಜ್ಜ ಇನ್ನೂ ಇರುವ ಮನೆಯವರೂ ಹಾಗೇ ಹೇಳುತ್ತಿದ್ದರು. ಆಗ ರೈಗಳು ತಮ್ಮದೇ ಒಂದು ಪರೀಕ್ಷೆ ಮಾಡಿಕೊಂಡರು. ಜಗಲಿಯಲ್ಲಿ ಕೂತವರು ಕಂಬಕ್ಕೆ ಒರಗುತ್ತಾರೆ. ಒರಗಿದಲ್ಲಿ ತಲೆಯ ಎಣ್ಣೆ ಮರಕ್ಕೆ ಹಿಡಿಯುತ್ತದೆ. ಎರಡು ಮೂರು ತಲೆಮಾರು ಒರಗಿದರೆ ಅಲ್ಲಿ ಹಳೆ ತೆಂಗಿನೆಣ್ಣೆಯ ವಾಸನೆಯ ಒಂದು ಕಪ್ಪು ಗುರುತು ಕೂರುತ್ತದೆ. ಆ ಗುರುತು ಇದ್ದರೆ ಮನೆ ಹಳತು, ಇಲ್ಲದಿದ್ದರೆ ಹೊಸತು.

ಪೇಟೆಗೆ ಇದು ಗೊತ್ತಾಗುವುದೇ ತಡ, ಕಂಬಗಳಿಗೆ ಎಣ್ಣೆ ಬೀಳತೊಡಗಿತು. ಹೋಟೆಲಿನ ಮೋನಪ್ಪಣ್ಣ ಹಳೆ ಮನೆಯನ್ನು ಎಂದೋ ಕೆಡವಿ ಕಟ್ಟಿಸಿದ್ದ ಹೊಸ ಮನೆಯ ಜಗಲಿಗೆ ಎಲ್ಲಿಂದಲೋ ಎರಡು ಹಳೆ ಕಂಬ ತಂದು ನಿಲ್ಲಿಸಿ, ಬೋಂಡ ಕರಿದ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ಚೆನ್ನಾಗಿ ಉಜ್ಜಿದ. ರೈಗಳು ಬಂದರು, ಕೂತರು, ಮೂಸಿದರು. ಆಮೇಲೆ ಎದ್ದು ನಿಂತು ಗುರುತಿನ ಎತ್ತರ ನೋಡಿದರು. ಅದು ಅವರ ಎದೆಯ ಮಟ್ಟಕ್ಕಿತ್ತು.

"ಮೋನಪ್ಪ, ನಿನ್ನ ಅಜ್ಜ ಎಷ್ಟು ಎತ್ತರ ಇದ್ರು ಮಾರಾಯ?"

"ಸಾಧಾರಣ ಎತ್ತರವೇ ಅಣ್ಣ."

"ಹಾಗಾದ್ರೆ ಅವರು ನಿಂತುಕೊಂಡೇ ಒರಗುದಾ? ಪಾಪ. ಮತ್ತೆ ಬೋಂಡ ಎಂತ, ತಲೆ ಮೇಲೆ ಇಟ್ಟುಕೊಂಡು ತಿಂತಿದ್ರಾ?"

ಐತಪ್ಪ "ಹೊಸತು" ಎಂದು ಬರೆದುಕೊಂಡ. ಮೋನಪ್ಪಣ್ಣ ಬೇಸರಪಟ್ಟುಕೊಳ್ಳದೆ ಎಲ್ಲರಿಗೂ ಚಾ ಕೊಟ್ಟ. ಚಾದ ಹಣ ತೆಗೆದುಕೊಂಡನೆಂದು ಐತಪ್ಪ ಆಮೇಲೆ ಹೇಳಿದ.

ಇಷ್ಟೆಲ್ಲ ನಾನು ನಗುತ್ತ ಕೇಳಿಸಿಕೊಂಡದ್ದು ನಮ್ಮ ಮನೆಯ ಸರದಿ ಬರುವವರೆಗೆ. ನಮ್ಮ ಮನೆಯಲ್ಲಿ ಆಗ ಅಣ್ಣನ ಬಟ್ಟೆ ಅಂಗಡಿ, ಅತ್ತಿಗೆ, ಅವರ ಮೂವರು ಮಕ್ಕಳು, ಅಮ್ಮ ಮತ್ತು ನಾನು. ಜಾಗ ಸಾಲುತ್ತಿರಲಿಲ್ಲ. ಮಂಗಳೂರಿನ ಕಡೆಯವರೊಬ್ಬರು ನಮ್ಮ ಮನೆಯನ್ನು ಕೊಂಡು, ಕೆಡವಿ, ಲಾಡ್ಜ್ ಕಟ್ಟುತ್ತೇನೆಂದು ಅಣ್ಣನ ಬೆನ್ನು ಬಿದ್ದಿದ್ದರು. ಯಾರೂ ಉಳಿದುಕೊಳ್ಳದ ಪೇಟೆಯಲ್ಲಿ ಲಾಡ್ಜ್ ಯಾಕೆ ಎಂದು ಅವರನ್ನು ಯಾರೂ ಕೇಳಲಿಲ್ಲ. ಮಾರಿದರೆ ಅಣ್ಣ ಪುತ್ತೂರಿನಲ್ಲಿ ಅಂಗಡಿ ಇಟ್ಟು ಬಾಡಿಗೆ ಮನೆ ಹಿಡಿಯುವುದೆಂದು ಮಾತಾಗಿತ್ತು. ಅಲ್ಲಿ ಯಾವ ಕೋಣೆಯಲ್ಲಿ ಯಾರು ಎಂದು ಅತ್ತಿಗೆ ಹೇಳಿಕೊಂಡು ಹೋದಾಗ ನಾನೂ ನನ್ನ ಹೊಲಿಗೆ ಮಿಷನ್ನೂ ಯಾವ ಕೋಣೆಯಲ್ಲೂ ಬರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನೆನಪಾಗಲಿಲ್ಲ. ಅದರಿಂದ ನನಗೆ ಹೆಚ್ಚು ನೋವಾಯಿತು.

ರಿಯಾಯಿತಿ ಸಿಕ್ಕಿದರೆ ಹಿಂದುಗಡೆ ಮಾಳಿಗೆ ಏರಿಸಿ, ಕೆಳಗೆ ಎರಡು ಕೋಣೆ, ಮೇಲೆ ನನಗೊಂದು ಕೋಣೆ ಮಾಡಬಹುದು. ಸಿಕ್ಕದಿದ್ದರೆ ಮಾರುವುದೇ ಸೈ ಎಂದು ಅಣ್ಣ ಹೇಳಿದ. ನನಗೆ ಹೆದರಿಕೆ ಇರಲಿಲ್ಲ. ನಮ್ಮ ಮನೆಗಿಂತ ಹಳೆಯದು ಆ ಬೀದಿಯಲ್ಲಿ ಇರಲಿಲ್ಲ.

ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಅಮ್ಮನನ್ನು. ಅಮ್ಮನಿಗೆ ಶುಚಿಯ ಹುಚ್ಚು. ಸೊಸೆಯಾಗಿ ಬಂದ ದಿನದಿಂದ ಶನಿವಾರ ತಪ್ಪದೆ ಜಗಲಿಯ ನಾಲ್ಕು ಕಂಬಗಳನ್ನು ಸೀಗೆಪುಡಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದಳು. ಅದರ ಮೇಲೆ, ಚೇರ್ಮನ್ನರು ಮನೆ ನೋಡಲು ಬರುತ್ತಾರೆಂದು ತಿಳಿದದ್ದೇ, ಆ ಬೆಳಿಗ್ಗೆ ಇನ್ನೊಮ್ಮೆ ತಿಕ್ಕಿದಳು. ರೈಗಳು ಬಂದಾಗ ನಮ್ಮ ಕಂಬಗಳು ಬಿಸ್ಕೀಟಿನ ಬಣ್ಣಕ್ಕೆ ತಿರುಗಿ ಮಿಂದ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.

ರೈಗಳು ನಾಲ್ಕನ್ನೂ ಮೂಸಿದರು. ಸೀಗೆಪುಡಿ ಮೂಗಿಗೆ ಹೋಗಿ ಸೀನಿದರು. ಕನ್ನಡಕ ಹಾಕಿಕೊಂಡು, ನಮ್ಮ ಯಾರ ಮುಖವನ್ನೂ ನೋಡದೆ, "ಹೊಸತು" ಎಂದರು.

ಅಣ್ಣ ಅಜ್ಜನ ಕಾಲದ ಮಾತು ತೆಗೆದ. "ಎಲ್ಲರೂ ಅದೇ ಹೇಳುದಲ್ವಾ" ಎಂದರು ರೈಗಳು. ನನ್ನ ಕೈಯಲ್ಲಿ ಯಾರದೋ ರವಿಕೆಯ ತೋಳಿತ್ತು. ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಆಮೇಲೆ ಇಸ್ತ್ರಿ ಹಾಕಿದರೂ ಸುಕ್ಕು ಹೋಗಲಿಲ್ಲ.

ಅಮ್ಮ ಒಳಗಿನಿಂದ ಬಂದಳು. "ಎಂತ ಚೇರ್ಮನ್ರೇ, ಮನೆ ಶುಚಿ ಇಟ್ಟದ್ದು ತಪ್ಪಾ?"

"ಶುಚಿ ತಪ್ಪಲ್ಲ ದೇವಕಿಯಕ್ಕ. ಈ ಮನೆ ಹಳತು ಅಂತ ನನಗೂ ಗೊತ್ತುಂಟು. ಆದ್ರೆ ಗುರುತಿಲ್ಲದೆ ನಿಮಗೆ ಕೊಟ್ರೆ ನಾಳೆ ಮೋನಪ್ಪನಿಗೂ ಕೊಡ್ಬೇಕು. ಅವನ ಹತ್ರ ಗುರುತಾದ್ರೂ ಉಂಟು."

ಅಮ್ಮನಿಗೆ ಸಿಟ್ಟು ಬಂದರೆ ಅವಳು ಕೂತುಬಿಡುತ್ತಾಳೆ. ಜಗಲಿಯಲ್ಲಿ ಕೂತು, ಈ ಮನೆಯಲ್ಲಿ ಯಾರು ಯಾರು ಹುಟ್ಟಿದರು, ಯಾರು ಯಾವ ಕೋಣೆಯಲ್ಲಿ ತೀರಿಕೊಂಡರು ಎಂದು ಹೇಳತೊಡಗಿದಳು. ಅಷ್ಟೂ ಹೊತ್ತು ರೈಗಳು ಅವಳ ಮಾತು ಕೇಳುತ್ತಿರಲಿಲ್ಲ, ಅವಳ ತಲೆ ನೋಡುತ್ತಿದ್ದರು. ಹೇಳುತ್ತ ಹೇಳುತ್ತ ಅವಳು ತಿರುಗಿಯೂ ನೋಡದೆ ಹಿಂದಕ್ಕೆ ಸರಿದು ಕಂಬಕ್ಕೆ ಬೆನ್ನು ಕೊಟ್ಟು ತಲೆ ಆನಿಸಿದ್ದಳು.

"ದೇವಕಿಯಕ್ಕ, ಸ್ವಲ್ಪ ಆಚೆ ಕಂಬಕ್ಕೆ ಒರಗಿ ಕೂತ್ಕೊಳ್ಳಿ ನೋಡುವ."

"ಅಲ್ಲಿ ಯಾಕೆ? ಅಲ್ಲಿ ತಲೆಗೆ ಗಂಟು ತಾಗ್ತದೆ."

ರೈಗಳು ಆಚೆ ಕಂಬದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅಂಗೈಯನ್ನು ಮೆಲ್ಲಗೆ ಮೇಲಿನಿಂದ ಕೆಳಗೆ ಇಳಿಸಿದರು. ಕೂತವರ ತಲೆ ಬರುವಲ್ಲಿ ಕೈ ನಿಂತಿತು. ಅಲ್ಲಿ ಮರದ ಗಂಟೊಂದು ನವಿರಾಗಿ ಉಬ್ಬಿಕೊಂಡಿತ್ತು. ಅದೇ ಮನೆಯಲ್ಲಿ ಬೆಳೆದ ನನಗಾಗಲಿ ಅಣ್ಣನಿಗಾಗಲಿ ಅದು ಗೊತ್ತಿರಲಿಲ್ಲ. ನಾನು ಮಿಷನ್ನಿಗೆ ಬಾಗಿ, ಅವನು ಅಂಗಡಿಯಲ್ಲಿ ನಿಂತು ದಿನ ಕಳೆದವರು, ಕಂಬಕ್ಕೆ ಒರಗಿ ಕೂತವರಲ್ಲ.

"ಇದು ನಿಮಗೆ ಯಾರು ಹೇಳಿದ್ದು?"

"ಹೇಳುದೆಂತ? ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ತಾಗಿತು. ಅತ್ತೆ ನಗಾಡಿದ್ರು. ಅವರಿಗೂ ಮೊದಲು ತಾಗಿತ್ತಂತೆ, ಅವರ ಅತ್ತೆಯೂ ನಗಾಡಿದ್ದಂತೆ."

"ಐತಪ್ಪ, ಬರಿ. ಹಳತು" ಎಂದರು ರೈಗಳು. ಆಮೇಲೆ, "ಹೀಗಿನ ಗುರುತನ್ನು ಯಾವ ಸೀಗೆಪುಡಿ ಹಾಕಿಯೂ ತೊಳೀಲಿಕ್ಕೆ ಆಗುದಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. ನಾನು ಒಳಗೆ ಹೋಗಿ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅತ್ತಿಗೆ ಚಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದಳು.

ಮಾಳಿಗೆ ಎದ್ದಿತು. ಬಿಗಿಯಾದ ರವಿಕೆಯನ್ನು ಒಳಗಿನ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿದರೆ ಎದುರಿನಿಂದ ಗೊತ್ತಾಗುವುದಿಲ್ಲ. ನಮ್ಮ ಮನೆಯೂ ಹಾಗಾಯಿತು. ರಸ್ತೆಯಿಂದ ನೋಡಿದರೆ ಅದೇ ಜಗಲಿ, ಅದೇ ಮಾಡು. ಹಿಂದುಗಡೆ ಮೆಟ್ಟಿಲು ಹತ್ತಿದರೆ ನನ್ನ ಕೋಣೆ, ಎರಡು ಕಿಟಕಿ, ಮೂರು ಮಿಷನ್. ರೈಗಳು ಆಗಾಗ ಬಂದು ಜಗಲಿಯ ಅಂಚಿನಲ್ಲಿ ಕೂತು ಬೆಲ್ಲ ನೀರು ಕುಡಿದು ಹೋಗುತ್ತಿದ್ದರು. ಎಲ್ಲರ ಕಂಬ ಮೂಸಿದ ಮನುಷ್ಯ ಯಾವ ಕಂಬಕ್ಕೂ ಒರಗುವುದಿಲ್ಲವೆಂದು ನಾನು ಗಮನಿಸಿದ್ದು ಆಗ. ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಅಮ್ಮ "ಒರಗಿ ಚೇರ್ಮನ್ರೇ" ಎಂದರೆ, "ಬೇಡ ಅಕ್ಕ, ನಿಮ್ಮ ಕಂಬ ಹಾಳಾಗ್ತದೆ" ಎನ್ನುತ್ತಿದ್ದರು. ಅಮ್ಮ ಅದನ್ನು ಸಭ್ಯತೆ ಎಂದುಕೊಂಡಿದ್ದಳು.

ಹೊಲಿದ ಅಂಗಿ ಕೊಡಲು ಒಮ್ಮೆ ನಾನೇ ಅವರ ಮನೆಗೆ ಹೋದೆ. ನಮ್ಮ ಪೇಟೆಯ ಮೊದಲ ತಾರಸಿ ಮನೆ ಅವರದ್ದು. ಇದು ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ವರಾಂಡದಲ್ಲಿ ಮೂರು ಕಡೆ ಪಾತ್ರೆ ಇಟ್ಟಿತ್ತು, ಸೋರುವ ನೀರಿಗೆ. ನಾನು ಪಾತ್ರೆಗಳನ್ನು ನೋಡುವುದನ್ನು ಅವರು ನೋಡಿದರು.

"ಅಪ್ಪನ ಮನೆ ಕೆಡವಿ ಕಟ್ಟಿದ್ದು ಟೀಚ್ರೇ. ನಾನೇ. ಆಗ ನನಗೆ ಪ್ರಾಯ, ಯಾರ ಮಾತೂ ಕೇಳ್ಲಿಲ್ಲ. ಅಮ್ಮ ಸಾಯುವವರೆಗೆ ಇದರಲ್ಲೇ ಇದ್ರು. ಒಂದು ದಿನ ಸಹ ಒರಗಿ ಕೂತದ್ದಿಲ್ಲ. ಸಿಮೆಂಟು ಬೆನ್ನಿಗೆ ತಣ್ಣಗೆ ಆಗ್ತದೆ ಅಂತ ಹೇಳುದು. ಕುರ್ಚಿ ತಂದುಕೊಟ್ಟೆ. ಅದರ ತುದಿಯಲ್ಲಿ ಯಾರದೋ ಮನೆಗೆ ಬಂದವರ ಹಾಗೆ ಕೂತ್ಕೊಳ್ತಿದ್ರು."

"ಕಂಬ?" ಎಂದೆ.

"ಜಾಲ್ಸೂರು ಕಡೆಯ ಮರದ ವ್ಯಾಪಾರಿಗೆ ಕೊಟ್ಟಿದ್ದೆ. ಅಮ್ಮ ಕೂರುದು ನೋಡಿ ನೋಡಿ ಸಾಕಾಗಿ ವಾಪಸ್ ಕೇಳ್ಲಿಕ್ಕೆ ಹೋದೆ. ಸೀಳಿ ಹಂಚಿನಡಿಯ ರೀಪು ಪಟ್ಟಿ ಮಾಡಿ ಮಾರಿ ಆಗಿತ್ತು." ಅಂಗಿಯನ್ನು ಬಿಡಿಸಿ ಕಾಲರು ನೋಡಿದರು. "ಚಂದ ಹೊಲ್ದಿದ್ದೀರಿ" ಎಂದರು.

ಕೆಲವು ವರ್ಷಗಳಲ್ಲಿ ಅವರ ಚೇರ್ಮನ್‌ಗಿರಿ ಮುಗಿಯಿತು. ಬಂದ ಆಡಳಿತಾಧಿಕಾರಿಗೆ ಕಂಬ ಮೂಸಲು ಪುರುಸೊತ್ತಿರಲಿಲ್ಲ; ರಿಯಾಯಿತಿ ತಾನಾಗಿಯೇ ನಿಂತುಹೋಯಿತು. ಅಷ್ಟರಲ್ಲಿ ಬೀದಿಯ ಅರ್ಧದಷ್ಟು ಮನೆಗಳು ಮೋರೆ ಉಳಿಸಿಕೊಂಡು ಬೆನ್ನು ಬೆಳೆಸಿಕೊಂಡಿದ್ದವು. ಲಾಡ್ಜಿನವರು ಬೇರೆ ಕಡೆ ಜಾಗ ಕೊಂಡರು. ಮೋನಪ್ಪಣ್ಣನ ಕಂಬಗಳು ಮಾತ್ರ ಎದೆಮಟ್ಟದ ಗುರುತಿನೊಂದಿಗೆ ಹಾಗೇ ನಿಂತಿವೆ.

ಕೊನೆಯ ಸಲ ರೈಗಳು ಬಂದದ್ದು ಅಂಗಿಯ ಹೆಗಲು ಸಣ್ಣದು ಮಾಡಿಸಲು. ಅಳತೆ ತೆಗೆದರೆ ಮನುಷ್ಯ ಎಲ್ಲ ಕಡೆಯಿಂದಲೂ ಕಡಿಮೆಯಾಗಿದ್ದರು. ಎಣ್ಣೆ ಮಾತ್ರ ಮೊದಲಿನಷ್ಟೇ ಇತ್ತು. ಈಗಲೇ ಮಾಡಿಕೊಡುತ್ತೇನೆಂದು ನಾನು ಮೇಲೆ ಹೋದೆ. ಹೊಲಿಗೆ ಬಿಚ್ಚಿ ಮತ್ತೆ ಹಾಕಿ ಕೆಳಗೆ ಬಂದಾಗ ಅವರು ಜಗಲಿಯಲ್ಲಿ ಕಂಬಕ್ಕೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಗಂಟು ಇಲ್ಲದ ಕಂಬ. ಮಡಿಲಲ್ಲಿ ಬೆಲ್ಲ ನೀರಿನ ಖಾಲಿ ಲೋಟ. ಆ ದಿನ ಶನಿವಾರ. ಅಮ್ಮ ಬಾಲ್ದಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಸುಮ್ಮನಿರು ಎಂದು ಕೈಮಾಡಿದಳು. ಅವರಾಗಿಯೇ ಎಚ್ಚರಗೊಳ್ಳುವವರೆಗೆ ನಾವಿಬ್ಬರೂ ಹಾಗೇ ನಿಂತಿದ್ದೆವು. ಎದ್ದವರು ಕಂಬದ ಕಡೆ ಒಮ್ಮೆ ನೋಡಿ, "ಹಾಳಾಯ್ತು ಅಕ್ಕ" ಎಂದರು. ಅಂಗಿಯ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಹೋದರು. ಹೊತ್ತಾಗಿತ್ತು, ಆ ಶನಿವಾರ ಅಮ್ಮ ಕಂಬ ತೊಳೆಯಲಿಲ್ಲ.

ವಾರ ಕಳೆಯುವುದರೊಳಗೆ ತೀರಿಕೊಂಡರು. ಹೆಗಲು ಸಣ್ಣದು ಮಾಡಿದ ಅಂಗಿಯನ್ನೇ ದೇಹಕ್ಕೆ ತೊಡಿಸಿದ್ದರು, ಸರಿಯಾಗಿ ಕೂತಿತ್ತು.

ಮುಂದಿನ ಶನಿವಾರ ಅಮ್ಮ ಸೀಗೆಪುಡಿ ಕಲಸಿಕೊಂಡು ಜಗಲಿಗೆ ಬಂದಳು. ಅವಳ ತಲೆ ಆನುವ ಜಾಗಕ್ಕಿಂತ ಒಂದು ಗೇಣು ಮೇಲೆ, ಕಂಬದಲ್ಲಿ, ಎಣ್ಣೆಯ ಗುಂಡಗಿನ ಗುರುತು ಇತ್ತು. ಅಮ್ಮ ಅದರ ಎದುರು ಸ್ವಲ್ಪ ಹೊತ್ತು ನಾರು ಹಿಡಿದುಕೊಂಡು ನಿಂತಳು. ಆಮೇಲೆ ಉಳಿದ ಮೂರು ಕಂಬ ತಿಕ್ಕಿ ತೊಳೆದು, ಬಾಲ್ದಿಯ ನೀರನ್ನು ರಸ್ತೆಗೆ ಚೆಲ್ಲಿ ಒಳಗೆ ಹೋದಳು.