ಮಾಲ್‌ಸುನ್‌ಳಿಗೇ ಉಪ್ಪು ಕಮ್ಮಿ ಅಂದವನು

ಕೊರಿಯಾದ ಮೊಕ್ಪೊ ಪೇಟೆಯಲ್ಲಿ ಉಪ್ಪು ಸೀಗಡಿ ಮಾರುವ ಯಾಂಗ್ ಮಾಲ್‌ಸುನ್‌ಳ ಬಾಯಿಗೆ ಹೆದರದವರಿಲ್ಲ. ಆದರೂ ಗಿರಾಕಿಗಳು ಅವಳ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಾರೆ. ಅವಳಿಂದ ಕೊಂಡದ್ದು ಕೆಟ್ಟಿದ್ದರೆ ಅರ್ಧ ತಿಂದ ಮೇಲೂ ವಾಪಸು ತರಬಹುದು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಅಯ್ಯೋ, ನಂದೇ ತಪ್ಪು ಕಣಮ್ಮ," ಎಂದು ಬೇರೆ ಕೊಟ್ಟು, ಮೇಲೊಂದು ಹಿಡಿ ಸುರಿಯುತ್ತಾಳೆ. ಚೆನ್ನಾಗಿರುವುದನ್ನು ಕೆಟ್ಟಿದೆ ಎಂದು ತಂದವರ ಗತಿ ಮಾತ್ರ ಕೇಳಬೇಡಿ.

ಇಂಥವಳು ಹೋದ ನವೆಂಬರಿನಲ್ಲಿ ಕೋಸಿನ ಉಪ್ಪಿನಕಾಯಿಯಾದ ಕಿಮ್ಚಿ ಇಡುವುದಕ್ಕೆಂದೇ ಎರಡು ಬಾಗಿಲಿನ ಹೊಸ ಫ್ರಿಜ್ ಕೊಂಡಳು. ಅದಕ್ಕೆ ಕಾರಣ ಅತ್ತೆ. ಎಂಬತ್ತೆಂಟರ ಆ ಮುದುಕಿ, "ಇದೇ ಕೊನೆ. ಮುಂದಿನ ವರ್ಷ ನಾನು ಮಸಾಲೆ ಕಲೆಸೋದಿಲ್ಲ," ಎಂದುಬಿಟ್ಟಿದ್ದಳು. ಮೂವತ್ತೆಂಟು ವರ್ಷದಲ್ಲಿ ಅತ್ತೆಯೊಂದಿಗೆ ಮಾಲ್‌ಸುನ್ ಜಗಳವಾಡದ ದಿನವಿಲ್ಲ, ಆದರೆ ಆ ಕೈರುಚಿಯ ಮುಂದೆ ತಲೆ ಎತ್ತಿದ್ದೂ ಇಲ್ಲ. ಕೊನೆಯ ಕಿಮ್ಚಿಯನ್ನು ವರ್ಷವಿಡೀ ಕಾಪಾಡಿ ಉಣ್ಣಬೇಕೆಂಬುದು ಅವಳ ಹಟ. ಅತ್ತೆ ಕಲೆಸಿದ ಮಸಾಲೆಯನ್ನು ಇಪ್ಪತ್ತು ಕೋಸಿಗೆ ಮೆತ್ತಿ, ನಾಲ್ಕು ಡಬ್ಬಿ ತುಂಬಿ ಫ್ರಿಜ್ಜಿನೊಳಗಿಟ್ಟಳು.

ಐದನೇ ದಿನ ಬಲಗಡೆಯ ಬಾಗಿಲು ತೆರೆದರೆ ಹುಳಿ ವಾಸನೆ ಮೂಗಿಗೆ ಬಡಿಯಿತು. ಎಡಭಾಗ ತಣ್ಣಗಿದೆ, ಬಲಭಾಗ ಬೆಚ್ಚಗಿದೆ! ಅಲ್ಲಿದ್ದ ಎರಡು ಡಬ್ಬಿಯಲ್ಲಿ ಒಂದು ಆಗಲೇ ಹುಳಿಯಾಗಿತ್ತು, ಇನ್ನೊಂದು ಇವತ್ತೋ ನಾಳೆಯೋ ಎನ್ನುವಂತಿತ್ತು. ಎಡಭಾಗದಲ್ಲಿ ಜಾಗವಿಲ್ಲ, ಹೊರಗಿಡೋಣವೆಂದರೆ ಆ ವರ್ಷ ಚಳಿಯೂ ಕೈಕೊಟ್ಟಿತ್ತು.

ಕಂಪನಿಗೆ ಫೋನ್ ಮಾಡಿದಳು. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಜೇನಿನಂಥ ದನಿಯೊಂದು, "ನಿಮ್ಮನ್ನು ಪ್ರೀತಿಸುತ್ತೇವೆ, ಗ್ರಾಹಕರೇ!" ಎಂದಿತು.

"ಪ್ರೀತಿ ಆಮೇಲೆ ಮಾಡುವಂತೆ ತಾಯಿ, ಮೊದ್ಲು ರಿಪೇರಿಯವನನ್ನ ಕಳ್ಸು."

"ಹನ್ನೊಂದು ದಿನ ಆಗುತ್ತೆ, ಗ್ರಾಹಕರೇ."

"ನನ್ನ ಗಂಡ ಸಾಯೋವರ್ಗೂ ಒಂದ್ಸಲ ಪ್ರೀತಿ ಅನ್ನಲಿಲ್ಲ. ಆದ್ರೆ ನಲ್ಲಿ ಕೆಟ್ರೆ ಅವತ್ತೇ ಸರಿ ಮಾಡ್ತಿದ್ದ!" ಎಂದು ಫೋನ್ ಕುಕ್ಕಿ, ಫ್ರಿಜ್ ಕೊಂಡ ಅಂಗಡಿಗೇ ನಡೆದಳು.

ಮ್ಯಾನೇಜರ್ ಹಾಮ್ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಬಳಸಿದ ಮಾಲು ವಾಪಸ್ ತಗೊಳಲ್ಲಮ್ಮ. ಕೆಟ್ಟಿದೆ ಅಂತ ರಿಪೇರಿಯವನು ಚೀಟಿ ಬರ್ದುಕೊಡ್ಬೇಕು. ಅಷ್ಟಕ್ಕೂ ಕಿಮ್ಚಿ ಹುಳಿಯಾದ್ರೆ ಫ್ರಿಜ್ ಏನ್ ಮಾಡುತ್ತೆ? ನೀವೇ ಉಪ್ಪು ಕಮ್ಮಿ ಹಾಕಿರ್ತೀರ."

ಉಪ್ಪು ಕಮ್ಮಿ! ಮೂವತ್ತು ವರ್ಷ ಉಪ್ಪಿನಲ್ಲೇ ಕೈಯದ್ದಿ ಬದುಕಿದವಳಿಗೆ! ಮಾಲ್‌ಸುನ್‌ಳಿಗೆ ಪಿತ್ತ ನೆತ್ತಿಗೇರಿತು. "ಇಲ್ಲೇ ಕೂತಿರು, ಬಂದೆ," ಎಂದವಳೇ ಮನೆಗೆ ಓಡಿದಳು.

ತಳ್ಳುಗಾಡಿಯಲ್ಲಿ ಎರಡು ಡಬ್ಬಿ ಹೇರಿಕೊಂಡು ಮರಳಿದಾಗ ಶನಿವಾರದ ಮಧ್ಯಾಹ್ನ, ಅಂಗಡಿ ತುಂಬ ಜನ. ಟಿವಿಗಳ ನಡುವೆ ಡಬ್ಬಿ ಇಳಿಸಿ ಎರಡರ ಮುಚ್ಚಳವನ್ನೂ ಕಿತ್ತಳು.

"ಎರಡೂ ಒಂದೇ ಬೋಗುಣಿ, ಒಂದೇ ದಿನ, ಒಂದೇ ಕೈ! ಇದು ಫ್ರಿಜ್ಜಿನ ಎಡಗಡೆ ಇತ್ತು, ಇದು ಬಲಗಡೆ. ತಿಂದು ಹೇಳಿ, ಯಾವುದ್ರಲ್ಲಿ ಉಪ್ಪು ಕಮ್ಮಿ?"

ಕಿಮ್ಚಿ ಕಂಡರೆ ಯಾರು ಸುಮ್ಮನಿದ್ದಾರು! ವಾಷಿಂಗ್ ಮಷಿನ್ ನೋಡಲು ಬಂದಿದ್ದ ಹೆಂಗಸು ಮೊದಲು ಕೈಹಾಕಿದಳು. "ಎಡಗಡೇದು ನಾಲ್ಕೈದು ದಿನದ್ದು. ಬಲಗಡೇದು ಒಂದು ತಿಂಗಳು ಹಳೇದರ ಹಾಗಿದೆ."

"ಉಪ್ಪು ಎರಡ್ರಲ್ಲೂ ಒಂದೇ," ಎಂದ ಅವಳ ಗಂಡ, ಬೆರಳು ಚೀಪುತ್ತ. "ಅಬ್ಬಾ, ಎಂಥಾ ಕೈ! ಕಮ್ಮಿ ಅಂದದ್ದು ಯಾರು?"

ಎಲ್ಲರೂ ಹಾಮ್‌ನತ್ತ ತಿರುಗಿದರು. ಅವನು ಎಡಗಡೆಯದು ತಿಂದ, ಬಲಗಡೆಯದು ತಿಂದ, ಮತ್ತೆ ಎಡಗಡೆಯದನ್ನೇ ತಿಂದ. ಚೀಟಿ ಇಲ್ಲವೆಂದು ಹೇಳಬಹುದು, ಸ್ವಂತ ನಾಲಿಗೆಗೆ ಏನು ಹೇಳುವುದು? ಎದ್ದು ನಿಂತು ಸೊಂಟ ಬಗ್ಗಿಸಿದ.

"ತಪ್ಪು ನಂದು, ಅಮ್ಮಾ. ಚೀಟಿ ಬೇಡ. ಇವತ್ತೇ ಬೇರೆ ಫ್ರಿಜ್ ತರ್ತೀನಿ."

ಬರೀ ಮಾತಲ್ಲ. ಸಂಜೆಯೊಳಗೆ ಲಾರಿಯೊಂದಿಗೆ ತಾನೇ ಬಂದ. ಅಂಗಿಯ ತೋಳು ಮಡಚಿ ಹಳೆಯದನ್ನು ಹೊರಗೆಳೆದ, ಹೊಸತನ್ನು ಕೂರಿಸಿದ, ಎರಡೂ ಕಡೆ ತಣ್ಣಗಾಗುವವರೆಗೆ ಕಾದು, ನೆಲ ಒರೆಸಿಯೇ ಹೋದ. ಮಾಲ್‌ಸುನ್ ಅವನ ಕೈಗೆ ಒಂದು ಡಬ್ಬಿ ಸೀಗಡಿ ತುರುಕಿದಳು. ವ್ಯಾಪಾರ ಮಾಡುವವನಿಗೆ ಇಷ್ಟಾದರೂ ಗೊತ್ತಿರಬೇಕು, ಈಗಲಾದರೂ ಗೊತ್ತಾಯಿತಲ್ಲ ಎಂದು ಅವಳಿಗೆ ನಿಜವಾಗಿ ಸಂತೋಷವಾಯಿತು.

ಅತ್ತೆಯ ಕೋಣೆಗೆ ಹಾರಿಕೊಂಡೇ ಹೋದಳು. "ಅತ್ತೆ, ಮೂರು ಡಬ್ಬಿ ಉಳಿಸ್ಕೊಂಡೆ! ಅಂಗಡಿಗೆ ಅಂಗಡೀನೇ ನಿಮ್ಮ ಕೈರುಚೀನ ಹೊಗಳ್ತು!"

ಮುದುಕಿ ತಲೆ ಅಲ್ಲಾಡಿಸಿದಳು.

"ನಂದೆಲ್ಲಿ ಬಂತೇ ಅದು? ಎರಡು ವರ್ಷದಿಂದ ನನ್ನ ನಾಲಿಗೆಗೆ ಉಪ್ಪೂ ತಿಳಿಯಲ್ಲ, ಖಾರಾನೂ ತಿಳಿಯಲ್ಲ. ಸಾಕಾ ನೋಡು ಅಂತ ನಿನ್ನ ಬಾಯಿಗಿಡ್ತಿದ್ದೆ. ನೀನು ಸಾಕು ಅಂದ ಕಡೆ ನಿಲ್ಲಿಸ್ತಿದ್ದೆ. ಹೋದ ವರ್ಷದ್ದೂ ನಿಂದೇ, ಈ ವರ್ಷದ್ದೂ ನಿಂದೇ."

ಇಡೀ ಅಂಗಡಿಯನ್ನು ನಡುಗಿಸಿ ಬಂದವಳು ಬಾಯಿ ತೆರೆದುಕೊಂಡೇ ನಿಂತಳು.

"ಬಾಯಿ ಮುಚ್ಚೇ, ನೊಣ ಹೋದೀತು," ಎಂದಳು ಅತ್ತೆ.

ಮಾಲ್‌ಸುನ್ ಅಡುಗೆಮನೆಗೆ ಹೋಗಿ ಕಿಮ್ಚಿಯ ಒಂದು ಎಲೆ ಹರಿದು ಬಾಯಿಗಿಟ್ಟಳು. ಅಳುವೂ ನಗುವೂ ಒಟ್ಟಿಗೇ ಬಂದವು. ಅಂಗಡಿಯಲ್ಲಿ ಊರವರೆಲ್ಲ ತಿಂದು ಮೆಚ್ಚಿದ್ದರು, ಅವಳೊಬ್ಬಳು ತಿಂದಿರಲಿಲ್ಲ.