ಪಾಚಿ ಕೆರೆದ ಶುಕ್ರವಾರ

ಆಗಸ್ಟ್ ಒಂಬತ್ತು, ಶುಕ್ರವಾರ: ‘ಅಂಗಳದ ಪಾಚಿ ಕೆರೆದೆ.’ ಆಧಾರ, ನನ್ನದೇ ಹಳೆಯ ದಿನಚರಿ; ವಾರವನ್ನು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಈ ಮಳೆಗಾಲದಲ್ಲಿ ಅಂಗಳಕ್ಕೆ ಹಾಸಿದ ಫರಸಿಗಲ್ಲುಗಳ ಮೇಲೆ ಹಸಿರು ಮತ್ತೆ ಹಬ್ಬಿದ್ದರಿಂದ, ಅಂದು ಬ್ಲೀಚಿಂಗ್ ಪುಡಿ ಎಷ್ಟು ಬಳಸಿದ್ದೆನೆಂದು ತಿಳಿಯಲು ಆ ಪುಟ ತೆರೆದೆ.

ನಮ್ಮ ಶಹಾಪುರಕ್ಕೆ ಪಾಚಿ, ಮಿತ್ರರೇ, ಕಾಲುವೆಯ ಬೆನ್ನು ಹಿಡಿದು ಬಂದ ನೆಂಟ. ಅದಕ್ಕೂ ಮುಂಚೆ ಆ ಕಲ್ಲುಗಳ ಮೇಲೆ ಹಪ್ಪಳ ಒಣಗುತ್ತಿತ್ತೇ ಹೊರತು ಏನೂ ಬೆಳೆಯುತ್ತಿರಲಿಲ್ಲ. ಹೊಲಗಳಿಗೆ ನೀರು ಹರಿದು ಹಿತ್ತಲ ಬಾವಿ ತುಂಬಿದಾಗ, ಬಾಲ್ಯವನ್ನೆಲ್ಲ ಕೊಡ ಹೊತ್ತೇ ಕಳೆದಿದ್ದ ನನ್ನ ಅಕ್ಕ ದಿನವೂ ಹತ್ತಾರು ಕೊಡ ಅಂಗಳಕ್ಕೆ ಸುರಿಯತೊಡಗಿದಳು. ನೀರು ಚೆಲ್ಲುವ ಸುಖ, ಅದನ್ನು ಅಳೆದು ಕುಡಿದವರಿಗೇ ಗೊತ್ತು. ಬೇವಿನ ನೆರಳಿನ ಕಲ್ಲುಗಳು ಆಮೇಲೆ ಒಣಗಲೇ ಇಲ್ಲ.

ಅಲ್ಲಿಯೇ ಜಾರಿಬಿದ್ದು ಅವ್ವನ ಸೊಂಟ ಮುರಿಯಿತು. ಯಾದಗಿರಿಯಿಂದ ಮರಳಿದ ನಾನು, “ನಿನ್ನ ನೀರಿನ ಹುಚ್ಚಿಗೆ ಅವ್ವ ನೆಲ ಹಿಡಿದ್ಲು ನೋಡು” ಎಂದೆ. “ತಪ್ಪು ನಂದೇ ಐತಪ್ಪ” ಎಂದಳು ಅಕ್ಕ. ಅವ್ವ ತೀರಿ ಎಷ್ಟೋ ವರ್ಷವಾಯಿತು. ಈಗಲೂ ಅಕ್ಕ ಸುರಪುರದಿಂದ ಬಂದಾಗ, ಅಂಗಳಕ್ಕೆ ಹನಿ ನೀರು ಬೀಳದಂತೆ ಬೀದಿಯಲ್ಲೇ ಕಾಲು ತೊಳೆದು ಒಳಬರುತ್ತಾಳೆ. ಅವ್ವ ಬಿದ್ದ ಸಿಟ್ಟಿನಲ್ಲಿಯೇ ನಾನು ಅಂದು ಪಾಚಿಯನ್ನೆಲ್ಲ ಕೆರೆದೆನೆಂದು ನೆನಪು.

ಪಾಚಿಗೆ ಮದ್ದು ಸರಳ. ನೆರಳಿನ ಕೊಂಬೆ ಸವರಿ ಬಿಸಿಲು ಬೀಳಿಸಬೇಕು, ನೀರು ನಿಲ್ಲದಂತೆ ಇಳುಕಲು ಕೊಡಬೇಕು. ಪುಡಿ ಹಾಕಿ ಉಜ್ಜಿದರೆ ಅಂದೇ ತೊಳೆಯಬೇಕು. ಕಲ್ಲಿಗೆ ಕಚ್ಚಿಕೊಂಡ ಪಾಚಿಗಿಂತ ಕಿತ್ತು ಬಿಟ್ಟ ಪಾಚಿ ಹೆಚ್ಚು ಜಾರುತ್ತದೆ.

“ಏನ್ ಹುಡುಕಾಕತ್ತಿ ತಮ್ಮಾ? ಪಾಚಿಗೂ ಇತಿಹಾಸ ಐತೇನು?” ನಿನ್ನೆ ಬಂದಿದ್ದ ಅಕ್ಕ ನಕ್ಕಳು.

ನಾನು ಶುಕ್ರವಾರದ ಎರಡನೆಯ ಸಾಲಿನಲ್ಲಿ ನಿಂತಿದ್ದೆ: ‘ಯಾದಗಿರಿ ಬಸ್ಸಿಗೆ ಹೊತ್ತಾಯಿತು. ತೊಳೆಯುವುದು ನಾಳೆ.’ ಟ್ರಂಕಿನಿಂದ ಅವ್ವ ಬಿದ್ದಾಗಿನ ಆಸ್ಪತ್ರೆಯ ಚೀಟಿ ತೆಗೆದೆ. ಅದೇ ವರ್ಷ, ಆಗಸ್ಟ್ ಹತ್ತು, ಶನಿವಾರ, ಮುಂಜಾನೆ. ಊರಿನ ಎಷ್ಟೋ ತಾರೀಖುಗಳನ್ನು ತಿದ್ದಿದ ನಾನು ಇದೊಂದನ್ನು ತಾಳೆ ನೋಡಿರಲಿಲ್ಲ. ಅವ್ವ ಬಿದ್ದ ಮೇಲೆ ನಾನು ಕೆರೆದದ್ದಲ್ಲ. ನಾನು ಕೆರೆದು ಬಿಟ್ಟುಹೋದ ಮೇಲೆ ಅವ್ವ ಬಿದ್ದದ್ದು.

ಎರಡನ್ನೂ ಅಕ್ಕನಿಗೆ ಓದಿ ಹೇಳಿದೆ.

“ಹಂಗಾರ ಇಷ್ಟು ವರ್ಷ ನಾ ಸುಮ್ಮಸುಮ್ಮನೆ ಬೀದ್ಯಾಗ ಕಾಲು ತೊಕ್ಕೊಂಡ್ನೇನೋ?”

ನಾನು ಅಂಗಳಕ್ಕಿಳಿದೆ. ಪುಡಿ ಹಾಕಿ ಉಜ್ಜತೊಡಗಿದೆ. ಅವಳು ಬಾವಿಯಿಂದ ಕೊಡ ತುಂಬಿ ತಂದು ನನ್ನ ಮುಂದಿಟ್ಟಳು.

“ಇವತ್ತೇ ತೊಳಿ. ನಾಳಿಗಿ ಇಡಬ್ಯಾಡ.”