ಗ್ಯಾನಮ್ಮ ಕಟ್ಟಿದ ಬೀಗತನ

ಸಂತೆಕಲ್ಲೂರಿನಲ್ಲಿ ಯಾರ ಮನೆಯಲ್ಲಿ ಮದುವೆಯ ಮಾತು ಎದ್ದರೂ ಮೊದಲು ಗ್ಯಾನಮ್ಮನಿಗೆ ಕರೆ ಹೋಗುತ್ತಿತ್ತು. ಯಾರ ಮುತ್ತಜ್ಜಿ ಯಾವ ಊರಿನವಳು, ಯಾರಿಗೆ ಯಾರು ವರಸೆಯಾಗುತ್ತಾರೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ತಾನು ಸೋದರಮಾವನನ್ನೇ ಮದುವೆಯಾದವಳು. ಕರುಳಬಳ್ಳಿ ಹೊರಗೆ ಹೋಗಬಾರದೆಂದು ಮಗಳ ಮಗಳು ದೀಪಿಕಾಳನ್ನೂ ತನ್ನ ಕಿರಿಮಗ ವಿರೇಶನಿಗೇ ತಂದುಕೊಂಡಳು. ಸ್ವಂತ ಮಗಳನ್ನೇ ಬೀಗತಿ ಮಾಡಿಕೊಂಡೆನೆಂದು ಓಣಿಯೆಲ್ಲ ಹೇಳಿಕೊಂಡು ಬಂದಳು.

ದೀಪಿಕಾಳ ಚೊಚ್ಚಲ ಕೂಸು ಸಿಂಧನೂರಿನ ಆಸ್ಪತ್ರೆಯಲ್ಲಿ ಹುಟ್ಟುತ್ತಲೇ ತೀರಿಕೊಂಡಿತು. ವಿರೇಶ ಅದನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ.

"ಗ್ರಹಣದಾಗ ಹೊರಗ ಹೋಗಬ್ಯಾಡ ಅಂತ ಬಡಕೊಂಡೆ. ಕೇಳಿದಿಯೇನು?" ಎಂದು ಗ್ಯಾನಮ್ಮ ಬಾಣಂತಿಯನ್ನೇ ಜರೆದಳು. ಹುಡುಗಿ ಗೋಡೆಯ ಕಡೆ ಹೊರಳಿದವಳು ಊಟವನ್ನೂ ಮುಟ್ಟಲಿಲ್ಲ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಕೂಸಿನ ವಂಶ ಕೇಳಿದರು. ಕೇಳಿದ್ದೇ ತಡ, ಗ್ಯಾನಮ್ಮ ಸೆರಗು ಸರಿಮಾಡಿಕೊಂಡು ಶುರುಮಾಡಿದಳು. ತಂದೆ ವಿರೇಶ, ಅವನ ತಾಯಿ ತಾನು. ತಾಯಿ ದೀಪಿಕಾ, ಅವಳ ತಾಯಿಯ ತಾಯಿ ಮತ್ತೆ ತಾನೇ. ಊರಲ್ಲಾದರೆ ಇಷ್ಟಕ್ಕೆ ಜನ ತಲೆದೂಗುತ್ತಿದ್ದರು. ಡಾಕ್ಟರಮ್ಮ ತಲೆದೂಗಲಿಲ್ಲ.

"ರಕ್ತಸಂಬಂಧದಾಗ ಮದುವಿ ಆದ್ರ ಕೆಲವು ಸಲ ಹಿಂಗ ಆಗತೈತಮ್ಮ. ಮನ್ಯಾಗ ಮೊದಲು ಯಾರದರ ಕೂಸು ಹೋಗಿತ್ತೇನು? ಖರೇ ಹೇಳ್ರಿ. ಮುಂದಿನ ಕೂಸಿಗೆ ಮೊದಲೇ ತಪಾಸಣೆ ಮಾಡಸಬಹುದು."

ಇಲ್ಲವೆನ್ನುವ ಮಾತು ಗ್ಯಾನಮ್ಮನ ಬಾಯಿಗೆ ಬಂದೇಬಿಟ್ಟಿತ್ತು. ಹೌದೆಂದರೆ ಅವಳ ದೊಡ್ಡಸ್ತಿಕೆ ಮಣ್ಣುಪಾಲು. ಇಲ್ಲವೆಂದರೆ ತಪ್ಪು ದೀಪಿಕಾಳ ತಲೆಯ ಮೇಲೆಯೇ ಉಳಿಯುತ್ತದೆ, ಇನ್ನೊಂದು ಕೂಸಿಗೂ ಇದೇ ಗತಿಯಾದೀತು.

"ನನ್ನವೂ ಎರಡು ಹಿಂಗ ಹೋಗ್ಯಾವ್ರಿ," ಎಂದಳು. "ಯಾರಿಗೂ ಹೇಳಿಲ್ಲ."

ದೀಪಿಕಾ ಈ ಕಡೆ ಹೊರಳಿದಳು. "ಹಂಗಾದ್ರ ಗ್ರಹಣದಿಂದ ಅಲ್ಲೇನು, ಆಯಿ?"

"ಅಲ್ಲವ್ವ. ನಿಂದೇನೂ ತಪ್ಪಿಲ್ಲ."

"ಎರಡು ಹೋಗಿದ್ದು ನಿನಗ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನ ಈ ಮನಿಗೆ ತಂದುಕೊಂಡಿ."

ಗ್ಯಾನಮ್ಮ ಮೊಮ್ಮಗಳ ಕಡೆ ನೋಡದೆ ಬಟ್ಟೆಯ ಗಂಟು ಕಟ್ಟತೊಡಗಿದಳು.

ಬಸ್ಸಿನಲ್ಲಿ ದೀಪಿಕಾ ಗಂಡನ ಪಕ್ಕವೂ ಕೂರಲಿಲ್ಲ, ಅಜ್ಜಿಯ ಪಕ್ಕವೂ ಕೂರಲಿಲ್ಲ. ಮಸ್ಕಿಯಲ್ಲಿ ಇಳಿದವಳೇ ಲಿಂಗಸುಗೂರಿನ ಬಸ್ಸು ಯಾವುದೆಂದು ಯಾರನ್ನೋ ಕೇಳಿದಳು. ತವರು ಅಲ್ಲಿತ್ತು. ವಿರೇಶ ತಡೆಯಲು ಹೋದಾಗ ಗ್ಯಾನಮ್ಮ ಅವನ ಕೈ ಹಿಡಿದು ನಿಲ್ಲಿಸಿದಳು. ಹೋಗಿ ಅತ್ತು ಹಗುರಾಗಲಿ ಎಂದುಕೊಂಡಳು. ಆಮೇಲೆ ಹೊಳೆಯಿತು: ಅಲ್ಲಿ ಹುಡುಗಿ ದೂರು ಹೇಳಬೇಕಾದದ್ದು ಅಜ್ಜಿಯ ಮೇಲೆ, ಗಂಡನ ಮೇಲೆ; ಕೇಳುವ ತಾಯಿ ಆ ಅಜ್ಜಿಯ ಮಗಳೇ, ಆ ಗಂಡನ ಅಕ್ಕನೇ. ಬೇರೆಯವರ ಮುಂದೆ ಅಳೋಣವೆಂದರೆ ಆ ಹುಡುಗಿಗೆ ತಾನು ಬೇರೆಯವರೆಂಬ ಒಬ್ಬರನ್ನೂ ಉಳಿಸಿರಲಿಲ್ಲ.